ಮುಂಬಯಿಗಿಂತ ಮೊದಲು ವಿಜಾಪುರ

ದೇವರ ಹಿಪ್ಪರಗಿಯೆಂದರೆ ನಮಗೆ ಮಡಿವಾಳ ಮಾಚಯ್ಯನ ಊರು, ರಾವುತರಾಯ ಮಲ್ಲಯ್ಯನ ಊರು. ಕರಾವಳಿಯಿಂದ ವರ್ಗವಾಗಿ ಬಂದಿದ್ದ ಕಥೋಲಿಕ ಶಿಕ್ಷಕಿಯೊಬ್ಬರು ಒಮ್ಮೆ, "ಈ ಊರು ಯಾವ ಧರ್ಮಾಧ್ಯಕ್ಷರಿಗೆ ಸೇರಿದ್ದು, ಸರ್?" ಎಂದು ಕೇಳಿದಾಗ ನಾನು ತಬ್ಬಿಬ್ಬಾದೆ. ಮಗುವಿನ ದೀಕ್ಷಾಸ್ನಾನಕ್ಕಾಗಿ ಅವರಿಗೆ ಅದು ತಿಳಿಯಬೇಕಿತ್ತು.

ಉತ್ತರ ಸರಳವೇ. 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗ ಧರ್ಮಕ್ಷೇತ್ರಕ್ಕೆ ನಮ್ಮ ಜಿಲ್ಲೆ ಸೇರಿದೆ. ಆ ಕ್ಷೇತ್ರ ಬೆಂಗಳೂರು ಮಹಾಧರ್ಮಕ್ಷೇತ್ರದ ಪ್ರಾಂತದೊಳಗಿದೆ. ಇದು ಜಿಲ್ಲಾಧಿಕಾರಿ, ತಹಶೀಲ್ದಾರರ ಸಂಬಂಧವೆಂದು ನಾನು ಭಾವಿಸಿದ್ದೆ. ಹಾಗಲ್ಲ. ಪ್ರತಿಯೊಬ್ಬ ಧರ್ಮಾಧ್ಯಕ್ಷರೂ ತಮ್ಮ ಕ್ಷೇತ್ರವನ್ನು ತಾವೇ ನಡೆಸುತ್ತಾರೆ. ಮಹಾಧರ್ಮಾಧ್ಯಕ್ಷರಿಗಿರುವುದು ಹಿರಿತನ, ಅಲ್ಪಸ್ವಲ್ಪ ಮೇಲ್ವಿಚಾರಣೆ.

ಸ್ವಾರಸ್ಯವಿರುವುದು ಹಳೆಯ ನಕ್ಷೆಯಲ್ಲಿ. ಗೋವೆ 1557ರಲ್ಲಿ ಮಹಾಧರ್ಮಕ್ಷೇತ್ರವಾಯಿತು. ಪೂರ್ವದೇಶಗಳ ಧರ್ಮಸಭೆಯ ಮೇಲೆ ಪೋರ್ಚುಗಲ್ಲಿನ ಅರಸನಿಗೆ ಪೋಷಕತ್ವದ ಹಕ್ಕಿತ್ತು. ಆ ಹಿಡಿತಕ್ಕೆ ಸಿಲುಕದಂತೆ ರೋಮ್ 1637ರಲ್ಲಿ ವಿಜಾಪುರದ ಆದಿಲಶಾಹಿ ರಾಜ್ಯಕ್ಕೆ ತನ್ನದೇ ಪ್ರತಿನಿಧಿಯನ್ನು ನೇಮಿಸಿತು. ಆತ ಗೋವೆಯ ದಿವಾಡಿ ದ್ವೀಪದ ಮಾತೇವುಸ್ ದ ಕಾಸ್ತ್ರೊ, ಬ್ರಾಹ್ಮಣ ಮೂಲದ ಕ್ರೈಸ್ತ. ಹುಟ್ಟಿದ ನೆಲದಲ್ಲಿ ನಿರಾಕರಿಸಲ್ಪಟ್ಟ ಗುರುದೀಕ್ಷೆಯನ್ನು ಆತ ರೋಮಿನಲ್ಲಿ ಪಡೆದಿದ್ದ! ಆತನ ಕ್ಷೇತ್ರದ ಹೆಸರು 'ಇದಾಲ್ಕಾನ್'. ಪೋರ್ಚುಗೀಸರ ನಾಲಗೆಯಲ್ಲಿ 'ಆದಿಲ್ ಖಾನ್' ಹಾಗಾಗಿತ್ತು. ಆತ ನೆಲೆಯೂರಿದ್ದು ಬಿಚೋಲಿಮ್‌ನಲ್ಲಿ: ಗೋವೆಯ ಕಣ್ಣೆದುರಿಗೇ, ಆದರೆ ವಿಜಾಪುರದ ಸುಲ್ತಾನನ ನೆಲದಲ್ಲಿ. ಆ ಕ್ಷೇತ್ರವೇ ಹೆಸರು, ಎಲ್ಲೆಗಳನ್ನು ಬದಲಿಸುತ್ತ 1886ರಲ್ಲಿ ಮುಂಬಯಿ ಮಹಾಧರ್ಮಕ್ಷೇತ್ರವಾಯಿತು.

ಇದೆಲ್ಲವನ್ನೂ ಶಿಕ್ಷಕಿಗೆ ಹೇಳಿದೆ. ಅವರು ನಕ್ಕು, ಮಗುವನ್ನೆತ್ತಿಕೊಂಡು ವಿಜಾಪುರದ ಬಸ್ಸು ಹತ್ತಿದರು.