ಇಸುಬು ಅಂಟುರೋಗವಲ್ಲ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತಣ ಹಳ್ಳಿಗಳಲ್ಲಿ ಪತಿ ಕಾರ್ಖಾನೆಗೆ ಹೋಗಿ ದುಡಿಯುವುದು, ಪತ್ನಿ ಹೊಲಮನೆ ನೋಡಿಕೊಳ್ಳುವುದು ಸಾಮಾನ್ಯವಾದ ಸಂಗತಿ. ಇಬ್ಬರಲ್ಲಿ ಒಬ್ಬರಿಗೆ ಇಸುಬು ಕಾಣಿಸಿಕೊಂಡಿತೆಂದರೆ ಹಾಸಿಗೆ ಬೇರೆಯಾಗುತ್ತದೆ, ತಟ್ಟೆ ಲೋಟ ಬೇರೆಯಾಗುತ್ತವೆ. ರಕ್ತ ಕೆಟ್ಟಿದೆಯೆಂದು ಮನೆಯವರು ದೂರುವುದೂ ಉಂಟು. ಇದು ತಪ್ಪು ತಿಳಿವಳಿಕೆ. ಇಸುಬು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ದಂಪತಿಗಳು ಕೂಡಿ ಬಾಳುವುದಕ್ಕಾಗಲಿ, ಮಗುವನ್ನೆತ್ತಿ ಆಡಿಸುವುದಕ್ಕಾಗಲಿ ಅದು ಅಡ್ಡಿಯಲ್ಲ. ಆದರೆ ರಾತ್ರಿ ವೇಳೆ ಮನೆಮಂದಿಗೆಲ್ಲ ತುರಿಕೆಯಾದರೆ ಅದು ಕಜ್ಜಿಯಾಗಿರಬಹುದು, ಕಜ್ಜಿ ಅಂಟುತ್ತದೆ. ಆಗ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯತಕ್ಕದ್ದು.

ಇಸುಬು ಏಕೆ ಬರುತ್ತದೆ? ಚರ್ಮವು ಶರೀರಕ್ಕೆ ಬೇಲಿಯಿದ್ದಂತೆ. ಕೆಲವರಲ್ಲಿ ಈ ಬೇಲಿ ಹುಟ್ಟಿನಿಂದಲೇ ಸಡಿಲ. ಅಂಥ ಮನೆತನಗಳಲ್ಲಿ ಉಬ್ಬಸ, ಪದೇ ಪದೇ ಬರುವ ಸೀನು, ನೆಗಡಿಗಳೂ ಇರುವುದುಂಟು. ಮತ್ತೆ ಕೆಲವರಿಗೆ ಹೊರಗಿನ ಯಾವುದೋ ವಸ್ತು ಒಗ್ಗುವುದಿಲ್ಲ: ಸಿಮೆಂಟಿನಲ್ಲಿರುವ ಕ್ರೋಮಿಯಂ, ಲೋಹಲೇಪನದ ಕೆಲಸದಲ್ಲಿ ಬಳಸುವ ನಿಕ್ಕಲ್, ಗಿಲೀಟು ಒಡವೆ, ಇತ್ಯಾದಿ.

ನಮ್ಮ ಭಾಗದಲ್ಲಿ ಕಾಂಗ್ರೆಸ್ ಗಿಡ ಅಥವಾ ಪಾರ್ಥೇನಿಯಂ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಇದನ್ನು ತಿನ್ನುವ ಮೆಕ್ಸಿಕೋ ದೇಶದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಕಳೆ ನಿರ್ಮೂಲವಾಗಿಲ್ಲ. ಗಿಡದ ಧೂಳು ಗಾಳಿಯಲ್ಲಿ ಹಾರಿ ಬಂದು ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಸಂದುಗಳಲ್ಲಿ ಇಸುಬನ್ನುಂಟುಮಾಡುತ್ತದೆ. ಆದುದರಿಂದ ಹೂ ಬಿಡುವ ಮೊದಲೇ ಗಿಡವನ್ನು ಕೀಳಬೇಕು. ಇಸುಬುಳ್ಳವರು ಮಾತ್ರ ಅದನ್ನು ಮುಟ್ಟಕೂಡದು. ಮನೆಯಲ್ಲಿ ಮತ್ತೊಬ್ಬರು ಕೈಗವಸು ತೊಟ್ಟು ಕೀಳಲಿ. ಕಾರಣ ತಿಳಿಯದಿದ್ದರೆ ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆಗಳ ನಂತರ ತೆಗೆದು ಪರೀಕ್ಷಿಸುತ್ತಾರೆ.

ಈ ರೋಗವು ಒಂದು ವಾರದಲ್ಲಿ ಬೇರುಸಹಿತ ಹೋಗುವಂಥದಲ್ಲ. ಸಕ್ಕರೆ ಕಾಯಿಲೆಯಂತೆ ಹತೋಟಿಯಲ್ಲಿಟ್ಟುಕೊಳ್ಳತಕ್ಕದ್ದು. ಕೆಲಸದಿಂದ ಬಂದೊಡನೆ ಬಟ್ಟೆ ಬದಲಾಯಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿರಿ. ಮೈ ಒರೆಸಿ, ತೇವ ಆರುವ ಮೊದಲೇ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿರಿ. ತುರಿಕೆ ಇಲ್ಲದ ದಿನಗಳಲ್ಲಿಯೂ ಇದನ್ನು ಬಿಡಬಾರದು. ಉಗುರು ಕತ್ತರಿಸಿಕೊಂಡಿರಿ, ಹತ್ತಿಯ ಬಟ್ಟೆ ಧರಿಸಿರಿ.

ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಮಾತ್ರ ತೆಳುವಾಗಿ ಹಚ್ಚಿರಿ. ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಅದು ಇನ್ನಷ್ಟು ಹರಡುತ್ತದೆ. ಕೀವು, ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿರಿ. ಇಸುಬಿಗೆ ಕೊಡುವ ಕೆಲವು ಮಾತ್ರೆಗಳು ಗರ್ಭದಲ್ಲಿರುವ ಶಿಶುವಿಗೆ ಅಪಾಯಕರ. ಆದುದರಿಂದ ಗರ್ಭಿಣಿಯಾಗಿದ್ದರೆ ಅಥವಾ ಮಗುವನ್ನು ಪಡೆಯುವ ಯೋಚನೆಯಿದ್ದರೆ ಪತಿಯಾಗಲಿ, ಪತ್ನಿಯಾಗಲಿ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಬದನೆಕಾಯಿ ನಂಜು, ಮೊಟ್ಟೆ ನಂಜು ಎಂದು ಬಾಣಂತಿಗೂ ಮಕ್ಕಳಿಗೂ ಆಹಾರ ಕಡಿಮೆ ಮಾಡುವುದು ಸರಿಯಲ್ಲ. ವೈದ್ಯರು ಪರೀಕ್ಷಿಸಿ ಹೇಳಿದರೆ ಮಾತ್ರ ಪಥ್ಯ ಮಾಡಿರಿ.

ಬೆನ್ನಿಗೆ ಮುಲಾಮು ಹಚ್ಚಲು ತನ್ನ ಕೈ ಎಟುಕದು. ಅಲ್ಲಿ ಸಂಗಾತಿಯ ಕೈ ಬೇಕು. ಆ ಕೈಗೆ ರೋಗ ತಗುಲುವುದಿಲ್ಲ, ಹಿಂಜರಿಯದೆ ಹಚ್ಚಿರಿ.