ನಾಯಿ ಸತ್ತರೆ ತಪ್ಪು ಯಾರದು?

ಮತ್ತೋಡು: ಪಾರ್ಸೆಲ್ ಬೈಕ್ ಬಂತೆಂದರೆ ನಾಯಿ ಬೊಗಳುತ್ತ ಬೆನ್ನಟ್ಟೋದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಒಂದು ದಿನ ಚಕ್ರಕ್ಕೆ ಸಿಕ್ಕಿತೆನ್ನಿ, ಕೂಡಲೇ ಕೂಗು, "ಹಿಡೀರಿ ಅವನ್ನ, ದಂಡ ಕಕ್ಕಿಸ್ರಿ!"

ಕಾನೂನು ಏನನ್ನುತ್ತೆ? ಬೆಂಗಳೂರಿನಲ್ಲಿ ಕಾರಿಗೆ ಸಿಕ್ಕಿ ಸಾಕುನಾಯಿ ಸತ್ತ ಮೊಕದ್ದಮೆಯನ್ನು ರಾಜ್ಯ ಹೈಕೋರ್ಟು 2022ರಲ್ಲಿ ರದ್ದು ಮಾಡಿತು. ಅಡ್ಡಾದಿಡ್ಡಿ ಚಾಲನೆಯ 279ನೇ ಕಲಂ ಪ್ರಾಣಿಗಳಿಗೆ ಅನ್ವಯಿಸದು, ಕೊಲ್ಲುವ ಉದ್ದೇಶವಿಲ್ಲದೆ 429ನೇ ಕಲಮೂ ನಿಲ್ಲದು ಎಂದಿತು.

ಇತ್ತ ಬೈಕಿನ ಹುಡುಗನೇ ಬಿದ್ದು ಕಾಲು ಮುರಿದುಕೊಂಡರೆ? ಈಗಿನ ನ್ಯಾಯ ಸಂಹಿತೆಯ 291ನೇ ಕಲಂ ಸಾಕಿದವನನ್ನೇ ಕೇಳುತ್ತೆ. ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಸಜೆ, 5,000 ರೂ.ವರೆಗೆ ದಂಡ.

ಹಾಗಂತ ನರಳುವ ಜೀವ ಬಿಟ್ಟು ಓಡೋದು ಧರ್ಮವೇ? ಸವಾರ ನಿಲ್ಲಿಸಲಿ, ಪಶುವೈದ್ಯರಿಗೆ ಸುದ್ದಿ ಮುಟ್ಟಿಸಲಿ. ಯಜಮಾನರೂ ಹಗಲು ಹೊತ್ತು ನಾಯಿ ಕಟ್ಟಲಿ. ಹಗ್ಗಕ್ಕೆಷ್ಟು ಮಹಾ ಖರ್ಚು?