ಮುತ್ತುಸ್ವಾಮಿ ದೀಕ್ಷಿತರ ಕೃತಿಗಳು: ಕೇಳುಗರಿಗೊಂದು ಪ್ರವೇಶ

ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ತ್ಯಾಗರಾಜರ ರಚನೆಗಳನ್ನು ದ್ರಾಕ್ಷಾಪಾಕವೆಂದೂ ಶ್ಯಾಮಾಶಾಸ್ತ್ರಿಗಳ ರಚನೆಗಳನ್ನು ಕದಳೀಪಾಕವೆಂದೂ ಮುತ್ತುಸ್ವಾಮಿ ದೀಕ್ಷಿತರ ರಚನೆಗಳನ್ನು ನಾರಿಕೇಳಪಾಕವೆಂದೂ ಕರೆಯುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಚಿಪ್ಪು ಒಡೆದವನಿಗಷ್ಟೇ ಎಳನೀರು ಎಂಬುದು ಇದರ ಇಂಗಿತ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಏಕೆಂದರೆ ದೀಕ್ಷಿತರ ಸಾಹಿತ್ಯ ಬಹುಮಟ್ಟಿಗೆ ಸಂಸ್ಕೃತದ್ದು, ಅದರ ತುಂಬ ಉದ್ದುದ್ದ ಸಮಾಸಗಳೂ ಕ್ಷೇತ್ರಪುರಾಣ, ಮಂತ್ರಶಾಸ್ತ್ರ, ಜ್ಯೋತಿಷಗಳ ಉಲ್ಲೇಖಗಳೂ ಇವೆ. ಆದರೆ ಈ ಬಿರುದಿಗೆ ಹೆದರಿ ಅವರ ಕೃತಿಗಳನ್ನು ಪಂಡಿತರಿಗೇ ಬಿಟ್ಟುಕೊಟ್ಟ ಕೇಳುಗರು ಕಳೆದುಕೊಂಡದ್ದು ಬಹಳ. ಅವರಲ್ಲಿ ರಾಗವು ಸಾಹಿತ್ಯದ ಅರ್ಥಕ್ಕಾಗಿ ಕಾಯುವುದಿಲ್ಲ. ನಿಧಾನವಾದ ನಡೆಗೆ ಕಿವಿ ಒಗ್ಗಿದರೆ ಸಾಕು, ಅರ್ಥ ಆಮೇಲೆ ಬಂದರೂ ನಡೆಯುತ್ತದೆ.

1775ರಲ್ಲಿ ತಿರುವಾರೂರಿನಲ್ಲಿ ಜನಿಸಿದ ದೀಕ್ಷಿತರಿಗೆ ತಂದೆ ರಾಮಸ್ವಾಮಿ ದೀಕ್ಷಿತರೇ ಮೊದಲ ಗುರು. ಕುಟುಂಬವು ಮದರಾಸಿನ ಸಮೀಪದ ಮಣಲಿಯ ಜಮೀನ್ದಾರರ ಆಶ್ರಯದಲ್ಲಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳು ಯುವಕ ದೀಕ್ಷಿತರ ಕಿವಿಗೆ ಬಿದ್ದವು, ತಮ್ಮ ಬಾಲುಸ್ವಾಮಿಯವರು ಅಲ್ಲಿಯೇ ಪಿಟೀಲನ್ನು ಕಲಿತರು. ಅನಂತರ ಚಿದಂಬರನಾಥ ಯೋಗಿಗಳೊಡನೆ ಕಾಶಿಗೆ ಹೋಗಿ ಕೆಲವು ವರ್ಷ ನೆಲೆಸಿದ ದೀಕ್ಷಿತರು ಅಲ್ಲಿ ಶ್ರೀವಿದ್ಯೆಯ, ಅಂದರೆ ದೇವಿಯನ್ನು ಶ್ರೀಚಕ್ರವೆಂಬ ಯಂತ್ರದಲ್ಲಿ ಆರಾಧಿಸುವ ಪಂಥದ, ಉಪಾಸನೆಯನ್ನೂ ಉತ್ತರಾದಿ ಸಂಗೀತದ ಪರಿಚಯವನ್ನೂ ಪಡೆದು ಮರಳಿದರು. ಹಿಂದಿರುಗಿದ ಮೇಲೆ ತಿರುತ್ತಣಿಯ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ಅವರು ಮೊದಲ ಕೃತಿಯನ್ನು ರಚಿಸಿದರೆಂದು ಸಂಪ್ರದಾಯ ಹೇಳುತ್ತದೆ. ‘ಗುರುಗುಹ’ ಎಂಬ ಅಂಕಿತ ಆ ದೇವರ ಹೆಸರೇ. ಆ ಕೃತಿಯ ರಾಗ ಮಾಯಾಮಾಳವಗೌಳ, ಅಂದರೆ ಪುರಂದರದಾಸರು ಹಾಕಿಕೊಟ್ಟರೆಂದು ಹೇಳಲಾಗುವ ಪಾಠಕ್ರಮದಲ್ಲಿ ಇಂದಿಗೂ ಮಕ್ಕಳು ಸರಳೆವರಸೆ ಕಲಿಯುವ ರಾಗ.

ದೀಕ್ಷಿತರನ್ನು ಹೊಸದಾಗಿ ಕೇಳಲು ತೊಡಗುವವರಿಗೆ ‘ನೋಟು ಸ್ವರ’ ಸಾಹಿತ್ಯಗಳು ಅತ್ಯಂತ ಸುಲಭವಾದ ಬಾಗಿಲು. ಬ್ಯಾಂಡಿನ ಮಟ್ಟುಗಳಿಗೆ ಅವರು ಸಂಸ್ಕೃತದ ಮಾತು ಹೊಂದಿಸಿದ ಈ ಪುಟ್ಟ ಹಾಡುಗಳು ಸುಮಾರು ನಲವತ್ತಿವೆ. ಇವೆಲ್ಲ ಶಂಕರಾಭರಣದ ಸ್ವರಗಳಲ್ಲಿವೆ, ಗಮಕವಿಲ್ಲ, ಅಂದರೆ ಸ್ವರವನ್ನು ತೂಗಿ ಅಲುಗಿಸುವ ಕೆಲಸವಿಲ್ಲ, ಪ್ರತಿ ಸ್ವರವೂ ನೇರವಾಗಿ ನಿಲ್ಲುತ್ತದೆ. ಬ್ರಿಟಿಷರ ರಾಜಗೀತೆಯ ಮಟ್ಟಿನಲ್ಲಿ ದೇವಿಯನ್ನು ಪ್ರಾರ್ಥಿಸುವ ‘ಸಂತತಂ ಪಾಹಿಮಾಂ’ ಎಂಬ ರಚನೆಯೂ ಇವುಗಳಲ್ಲೊಂದು. ಇವನ್ನು ದೊಡ್ಡ ಕೃತಿಗಳ ಸಾಲಿಗೆ ಸೇರಿಸುವ ಅಗತ್ಯವಿಲ್ಲ. ಗಂಭೀರನೆಂದು ಹೆಸರಾದ ಒಬ್ಬ ವಾಗ್ಗೇಯಕಾರ, ಎಂದರೆ ಮಾತನ್ನೂ ಮಟ್ಟನ್ನೂ ತಾನೇ ಕಟ್ಟುವ ರಚನಕಾರ, ಹೊರಗಿನ ಸಂಗೀತವನ್ನು ಎಷ್ಟು ಲವಲವಿಕೆಯಿಂದ ಸ್ವೀಕರಿಸಿದನೆಂಬುದಕ್ಕೆ ಅವು ಸಾಕ್ಷಿಯಾಗಿವೆ.

ಅತ್ಯಂತ ಜನಪ್ರಿಯ ಕೃತಿ ಯಾವುದೆಂಬ ಬಗ್ಗೆ ಚರ್ಚೆಗೆ ಎಡೆಯಿಲ್ಲ. ‘ವಾತಾಪಿ ಗಣಪತಿಂ’ ಎಂಬ ಹಂಸಧ್ವನಿ ರಾಗದ ಕೃತಿಯಿಂದ ಆರಂಭವಾದ ಕಛೇರಿಗಳು ಲೆಕ್ಕಕ್ಕೆ ಸಿಗುವಂಥವಲ್ಲ. ಮಧ್ಯಮ ಮತ್ತು ಧೈವತಗಳನ್ನು ಬಿಟ್ಟು ಉಳಿದ ಐದು ಸ್ವರಗಳಲ್ಲಿ ನಡೆಯುವ ಈ ರಾಗವನ್ನು ರೂಪಿಸಿದವರು ರಾಮಸ್ವಾಮಿ ದೀಕ್ಷಿತರು. ತಂದೆ ಕಂಡ ರಾಗವನ್ನು ಮನೆಮನೆಗೆ ಮುಟ್ಟಿಸಿದ್ದು ಮಗನ ಕೃತಿ. ಹೆಸರಿನಲ್ಲಿರುವ ವಾತಾಪಿ ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ. ಏಳನೆಯ ಶತಮಾನದಲ್ಲಿ ಪಲ್ಲವರು ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಚಾಲುಕ್ಯರ ರಾಜಧಾನಿಯನ್ನು ಹಿಡಿದಾಗ ಅಲ್ಲಿಂದ ಒಂದು ಗಣಪತಿಯ ವಿಗ್ರಹ ತಮಿಳು ನಾಡಿಗೆ ಹೋಯಿತೆಂಬುದು ಅಲ್ಲಿನ ಐತಿಹ್ಯ. ಇಂದು ವೇದಿಕೆಯಲ್ಲಿ ಕೇಳಿಬರುವ ಅದರ ಬಿರುಸಿನ ಸಂಗತಿಗಳಲ್ಲಿ, ಎಂದರೆ ಒಂದೇ ಸಾಲನ್ನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸುವ ಸ್ವರವಿನ್ಯಾಸಗಳಲ್ಲಿ, ಹಲವು ಮುಂದಿನ ಪೀಳಿಗೆಯ ಗಾಯಕರು ಸೇರಿಸಿದವು. ಹಾಗಾಗಿ ಈ ಕೃತಿಯ ಉತ್ಸಾಹವನ್ನೇ ದೀಕ್ಷಿತರ ಸಹಜ ಮನೋಧರ್ಮವೆಂದು ತಿಳಿದವರು ಅವರ ಬೇರೆ ಕೃತಿಗಳನ್ನು ಕೇಳಿ ತುಸು ಬೆರಗಾಗುತ್ತಾರೆ.

ಆ ಸಹಜ ಮನೋಧರ್ಮ ಸಿಗುವುದು ‘ಅಕ್ಷಯಲಿಂಗ ವಿಭೋ’ದಂತಹ ವಿಳಂಬ ಕಾಲದ ಕೃತಿಗಳಲ್ಲಿ. ನಾಗಪಟ್ಟಿನದ ಸಮೀಪದ ಕೀಳ್ವೇಳೂರಿನ ಶಿವನನ್ನು ಕುರಿತ ಈ ರಚನೆಯ ರಾಗವೂ ಶಂಕರಾಭರಣವೇ. ನೋಟು ಸ್ವರದಲ್ಲಿ ನೆಟ್ಟಗೆ ನಿಂತಿದ್ದ ಅದೇ ಸ್ವರಗಳು ಇಲ್ಲಿ ವೀಣೆಯ ತಂತಿಯನ್ನು ಎಳೆದಂತೆ ಒಂದರಿಂದ ಇನ್ನೊಂದಕ್ಕೆ ಜಾರುತ್ತ, ಮಂದ್ರದಲ್ಲಿ ತಂಗುತ್ತ, ಪಲ್ಲವಿಯ ಒಂದು ಸಾಲು ಮುಗಿಯುವಷ್ಟರಲ್ಲಿಯೇ ರಾಗದ ಪೂರ್ಣ ಮುಖವನ್ನು ತೋರಿಸಿಬಿಡುತ್ತವೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಗಮಕವೆಂದರೇನು ಎಂಬುದಕ್ಕೆ ಬೇರೆ ಪಾಠ ಬೇಕಾಗುವುದಿಲ್ಲ. ದೀಕ್ಷಿತರು ಸ್ವತಃ ವೈಣಿಕರಾಗಿದ್ದುದು ಈ ಜಾರು ನಡೆಗೆ ಒಂದು ಕಾರಣವಾದರೆ, ಕಾಶಿಯಲ್ಲಿ ಕೇಳಿದ ಧ್ರುಪದದ ಸಾವಧಾನ ಮತ್ತೊಂದು ಕಾರಣವಿರಬೇಕೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಉತ್ತರಾದಿಯ ಜೈಜೈವಂತಿಗೆ ಸಮನಾದ ದ್ವಿಜಾವಂತಿಯಲ್ಲಿ ‘ಚೇತಃ ಶ್ರೀ ಬಾಲಕೃಷ್ಣಂ’, ಯಮನ್‌ ಛಾಯೆಯ ಯಮುನಾಕಲ್ಯಾಣಿಯಲ್ಲಿ ‘ಜಂಬೂಪತೇ’ ಇವೆರಡರಲ್ಲಿಯೂ ಆ ಸಂಪರ್ಕದ ಫಲ ಸ್ಪಷ್ಟವಾಗಿದೆ. ಹಿಂದೂಸ್ತಾನಿ ಸಂಗೀತವನ್ನೂ ಅಷ್ಟೇ ಪ್ರೀತಿಯಿಂದ ಕೇಳುವ ಧಾರವಾಡದ ಕಡೆಯ ಶ್ರೋತೃಗಳಿಗೆ ಈ ಎರಡು ಕೃತಿಗಳು ವಾತಾಪಿಗಿಂತ ಬೇಗ ಹತ್ತಿರವಾದಾವು.

ಈ ನಿಧಾನದ ನಡುವೆ ದೀಕ್ಷಿತರು ಒಂದು ತಿರುವನ್ನು ಇಟ್ಟಿರುತ್ತಾರೆ. ಪಲ್ಲವಿ, ಅನುಪಲ್ಲವಿ, ಚರಣಗಳೆಂಬ ಮೂರು ಭಾಗಗಳಲ್ಲಿ ಹರಿಯುವ ಕೃತಿಯ ಕೊನೆಯಲ್ಲಿ, ಕೆಲವೊಮ್ಮೆ ಅನುಪಲ್ಲವಿಯ ತುದಿಯಲ್ಲಿಯೂ, ಮಾತು ಇದ್ದಕ್ಕಿದ್ದಂತೆ ಇಮ್ಮಡಿ ವೇಗ ಪಡೆಯುತ್ತದೆ. ತಾಳದ ಗತಿ ಬದಲಾಗುವುದಿಲ್ಲ, ಅದೇ ಅವಧಿಯಲ್ಲಿ ಎರಡರಷ್ಟು ಅಕ್ಷರಗಳು ಸಾಗುತ್ತವೆ. ಮಧ್ಯಮಕಾಲ ಸಾಹಿತ್ಯವೆಂದು ಕರೆಯುವ ಈ ಭಾಗ ಅವರ ರಚನೆಯ ಗುರುತೇ ಆಗಿಬಿಟ್ಟಿದೆ. ರಾಗದ ಹೆಸರನ್ನು ಸಾಹಿತ್ಯದಲ್ಲಿಯೇ ಅರ್ಥ ಕೆಡದಂತೆ ಹೊಸೆಯುವ ರಾಗಮುದ್ರೆಯೂ ಅವರಿಗೆ ಪ್ರಿಯ. ‘ತ್ಯಾಗರಾಜ ಯೋಗ ವೈಭವಂ’ ಎಂಬ ಆನಂದಭೈರವಿ ಕೃತಿಯಲ್ಲಿ ಇನ್ನೂ ಮುಂದೆ ಹೋಗಿ, ಪದಪುಂಜದ ಮುಂಭಾಗದ ಅಕ್ಷರಗಳನ್ನು ಸಾಲಿನಿಂದ ಸಾಲಿಗೆ ಕಳಚುತ್ತ ಹಸುವಿನ ಬಾಲದಂತೆ ಕಿರಿದಾಗಿಸುವ ಗೋಪುಚ್ಛ ಯತಿಯನ್ನೂ, ನದಿಯಂತೆ ಹಿರಿದಾಗಿಸುವ ಸ್ರೋತೋವಹ ಯತಿಯನ್ನೂ ಅವರು ಬಳಸಿದ್ದಾರೆ. ಇಂತಹ ಚಮತ್ಕಾರಗಳನ್ನು ಹೊಗಳುವವರು ಬಹಳ, ಆದರೆ ಅವುಗಳನ್ನು ತೆಗೆದಿಟ್ಟರೂ ಆ ಕೃತಿಯ ಆನಂದಭೈರವಿಗೆ ಕುಂದಿಲ್ಲ.

ಒಂದೇ ವಿಷಯದ ಮೇಲೆ ಮಾಲೆಯಾಗಿ ಹೆಣೆದ ಕೃತಿಗುಚ್ಛಗಳಲ್ಲಿ ದೀಕ್ಷಿತರ ಯೋಜನಾಶಕ್ತಿ ಎದ್ದು ಕಾಣುತ್ತದೆ. ನವಗ್ರಹ ಕೃತಿಗಳಲ್ಲಿ ಸೂರ್ಯನಿಂದ ಶನಿಯವರೆಗಿನ ಏಳು ವಾರಗಳ ಅಧಿಪತಿಗಳಿಗೆ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಸೂಳಾದಿ ಸಪ್ತತಾಳಗಳನ್ನು ಅದೇ ಕ್ರಮದಲ್ಲಿ ಹಂಚಲಾಗಿದೆ. ಹರಿದಾಸರ ಸುಳಾದಿಗಳ ಮೂಲಕ ಕನ್ನಡಿಗರಿಗೆ ಪರಿಚಿತವಾದ, ಸಂಗೀತ ಕಲಿಯುವ ಮಕ್ಕಳು ಅಲಂಕಾರಗಳಲ್ಲಿ ಬಾಯಿಪಾಠ ಮಾಡುವ ತಾಳಗಳೇ ಇವು. ಸೌರಾಷ್ಟ್ರ ರಾಗದ ‘ಸೂರ್ಯಮೂರ್ತೇ’ ಚತುರಶ್ರ ಧ್ರುವ ತಾಳದಲ್ಲಿದೆ, ಅಂದರೆ ನಾಲ್ಕು, ಎರಡು, ನಾಲ್ಕು, ನಾಲ್ಕು ಹೀಗೆ 14 ಅಕ್ಷರಗಳ ಆವರ್ತ. ಕಛೇರಿಗಳಲ್ಲಿ ಆದಿತಾಳದ ಎಂಟಕ್ಕೆ ಒಗ್ಗಿದ ಕೈ ಇಲ್ಲಿ ಎಚ್ಚರ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ರಾಹು ಕೇತುಗಳ ಮೇಲಿನ ಎರಡು ಕೃತಿಗಳು ದೀಕ್ಷಿತರದೇ ಹೌದೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಆದರೆ ಅವರ ಸಾಧನೆಯ ಶಿಖರ ಕಮಲಾಂಬಾ ನವಾವರಣ ಕೃತಿಗಳು. ತಿರುವಾರೂರಿನಲ್ಲಿ ತ್ಯಾಗರಾಜನೆಂಬ ಹೆಸರಿನ ಶಿವನ ದೇವಾಲಯದ ಆವರಣದಲ್ಲಿ ನೆಲೆಸಿದ ಕಮಲಾಂಬಿಕೆಯನ್ನು ಶ್ರೀಚಕ್ರದ ಅಧಿದೇವತೆಯಾಗಿ ಕಂಡು, ಆ ಚಕ್ರದ ಹೊರಗಿನ ಚೌಕದಿಂದ ನಡುವಿನ ಬಿಂದುವಿನವರೆಗಿನ ಒಂಬತ್ತು ಆವರಣಗಳಿಗೆ ಒಂದೊಂದು ಕೃತಿ, ಮೊದಲಿಗೆ ತೋಡಿಯಲ್ಲಿ ಧ್ಯಾನ, ಕೊನೆಗೆ ಶ್ರೀ ರಾಗದಲ್ಲಿ ಮಂಗಳ, ಹೀಗೆ ಒಟ್ಟು 11 ರಚನೆಗಳು. ಮೊದಲ ಏಳು ಆವರಣಗಳಲ್ಲಿ ದೇವಿಯ ಹೆಸರು ಪ್ರಥಮಾದಿಂದ ಸಪ್ತಮಿಯವರೆಗೆ ಸಂಸ್ಕೃತದ ಒಂದೊಂದು ವಿಭಕ್ತಿಯಲ್ಲಿ ಬರುತ್ತದೆ, ಪ್ರತಿ ಕೃತಿಯೂ ತನ್ನ ಚಕ್ರದ ಹೆಸರನ್ನೂ ಅಲ್ಲಿನ ಯೋಗಿನಿಯ ಸ್ವರೂಪವನ್ನೂ ಸೂಚಿಸುತ್ತದೆ. ಇಷ್ಟು ಕಟ್ಟುಪಾಡುಗಳ ನಡುವೆ ಸಂಗೀತ ಬಡವಾಗಬೇಕಿತ್ತು, ಹಾಗಾಗಲಿಲ್ಲ. ಕಲ್ಯಾಣಿ, ಕಾಂಭೋಜಿ, ಭೈರವಿಗಳಂತಹ ವಿಸ್ತಾರವಾದ ರಾಗಗಳಲ್ಲಿ ಸಾಗಿ, ಕೊನೆಯತ್ತ ಸಹಾನ, ಘಂಟಾ, ಆಹಿರಿಗಳಂತಹ ಆರ್ತವಾದ, ಹಿಡಿಯಲು ಕಷ್ಟವಾದ ರಾಗಗಳತ್ತ ಮಾಲೆ ಸರಿಯುತ್ತದೆ. ಸ್ವರಗಳ ಪಟ್ಟಿಯಲ್ಲಿ ಸಿಕ್ಕಿಕೊಳ್ಳದ, ಪ್ರಯೋಗಗಳಿಂದಲೇ ಬದುಕಿರುವ ಘಂಟಾ ರಾಗಕ್ಕೆ ಎಂಟನೆಯ ಆವರಣದ ಕೃತಿಯೇ ಅತ್ಯುತ್ತಮ ಲಕ್ಷಣಗ್ರಂಥವೆನ್ನಬಹುದು. ನವರಾತ್ರಿಯಲ್ಲಿ ದಿನಕ್ಕೊಂದರಂತೆ ಇವನ್ನು ಹಾಡುವ ಪದ್ಧತಿಯಿದೆ, ಹೊಸ ಕೇಳುಗರಿಗೆ ಆ ವೇಗವೇ ಸರಿ.

ದೀಕ್ಷಿತರು 1835ರ ದೀಪಾವಳಿಯಂದು ಎಟ್ಟಯಪುರದಲ್ಲಿ ತೀರಿಕೊಂಡರು. ಅವರ ಶಿಷ್ಯರಾದ ತಂಜಾವೂರು ಸೋದರರಲ್ಲಿ ಚಿನ್ನಯ್ಯನವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದರು. ಕೃತಿಗಳು ಕಂಠದಿಂದ ಕಂಠಕ್ಕೆ ಸಾಗುತ್ತ ರೂಪ ಬದಲಿಸುತ್ತಿದ್ದ ಕಾಲದಲ್ಲಿ ಮುತ್ತುಸ್ವಾಮಿ ದೀಕ್ಷಿತರ ವಂಶದ ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಪ್ರಕಟಿಸಿ ಇನ್ನೂರಕ್ಕೂ ಹೆಚ್ಚು ದೀಕ್ಷಿತ ಕೃತಿಗಳನ್ನು ಗಮಕಚಿಹ್ನೆಗಳ ಸಮೇತ ಸ್ವರಲಿಪಿಗೆ ಇಳಿಸಿದರು. ಆ ಗ್ರಂಥ ಅನುಸರಿಸುವುದು ವೆಂಕಟಮಖಿಯ ಪರಂಪರೆಯ ರಾಗವ್ಯವಸ್ಥೆಯನ್ನು. ತಂಜಾವೂರು ನಾಯಕರ ಮಂತ್ರಿಯಾಗಿದ್ದ ಕನ್ನಡ ಮೂಲದ ಗೋವಿಂದ ದೀಕ್ಷಿತನ ಮಗ ಈ ವೆಂಕಟಮಖಿ. ‘ಪ್ರದರ್ಶಿನಿ’ಯಲ್ಲಿ ಬರೆದಿರುವ ಕೃತಿಗಳ ರೂಪಕ್ಕೂ ಇಂದು ಸಭೆಗಳಲ್ಲಿ ಕೇಳುವ ರೂಪಕ್ಕೂ ಹಲವೆಡೆ ಅಂತರವಿದೆ. ಕೆಲವು ಕಲಾವಿದರು ಈಚಿನ ದಶಕಗಳಲ್ಲಿ ಆ ಪುಟಗಳನ್ನು ಮುಂದಿಟ್ಟುಕೊಂಡು ಹಳೆಯ ಪಾಠವನ್ನೇ ಹಾಡಲು ತೊಡಗಿದ್ದಾರೆ, ಕಿವಿಗೆ ರೂಢಿಯಾದ ಪಾಠವೇ ಸಾಕೆನ್ನುವವರೂ ಇದ್ದಾರೆ.